ಗಣಕಯಂತ್ರಕ್ಕೊಬ್ಬ ದುಭಾಷಿ

ಮಕ್ಕಳೇ, ನೀವು ಅಜ್ಜಿಯ ಜೊತೆ ಸಂತೆಗೆ ಹೋಗಿರುವಿರಾ? ರಾಯಚೂರಿನ ಕಡೆಯ ಹಳ್ಳಿಯಿಂದ ಬಂದ ಅಜ್ಜಿಗೆ ಕನ್ನಡ ಮಾತ್ರ ಬರುತ್ತದೆ. ಬಳೆ ಮಾರುವವನಿಗೆ ತೆಲುಗು ಮಾತ್ರ ಬರುತ್ತದೆ. ಅಜ್ಜಿ “ಡಜನ್ನಿಗೆ ಎಷ್ಟಪ್ಪಾ?” ಎಂದು ಕೇಳುತ್ತಾಳೆ. ಅವನು ಸುಮ್ಮನೆ ಮುಖ ನೋಡುತ್ತಾನೆ. ಆಗ ನಡುವೆ ನಿಂತು, ಅಜ್ಜಿಯ ಮಾತನ್ನು ತೆಲುಗಿಗೆ ತಿರುಗಿಸಿ, ಅವನ ಉತ್ತರವನ್ನು ಕನ್ನಡಕ್ಕೆ ತಿರುಗಿಸಿ ಹೇಳುವವರು ಯಾರು? ನೀವೇ ಅಲ್ಲವೇ! ಹೀಗೆ ಇಬ್ಬರ ನಡುವೆ ನಿಂತು ಎರಡು ಭಾಷೆಗಳನ್ನು ಕೂಡಿಸುವವನನ್ನು ದುಭಾಷಿ ಎನ್ನುತ್ತಾರೆ. ಗಡಿನಾಡಿನ ಮಕ್ಕಳೆಲ್ಲರೂ ಒಂದಲ್ಲ ಒಂದು ದಿನ ದುಭಾಷಿಗಳಾಗಿರುತ್ತಾರೆ.

ನಮ್ಮ ಶಾಲೆಯಲ್ಲಿ ಒಮ್ಮೆ ಇಂತಹ ಒಬ್ಬ ದುಭಾಷಿ ಬೇಕಾಯಿತು. ಇಬ್ಬರು ಮನುಷ್ಯರ ನಡುವೆ ಅಲ್ಲ. ಒಂದು ಗಣಕಯಂತ್ರಕ್ಕೂ, ಅದರ ಹೊಟ್ಟೆಯೊಳಗೆ ಇದ್ದ ಅಂಗೈಯಗಲದ ಒಂದು ಹಲಗೆಗೂ ನಡುವೆ. ಆ ಕಥೆಯನ್ನು ಈಗ ಹೇಳುವೆನು.

2019ರ ನವೆಂಬರ್ ತಿಂಗಳು. ಮಳೆಗಾಲ ಮುಗಿದಿತ್ತು. ನಾವು ಏಳನೆಯ ತರಗತಿಯ ಮಕ್ಕಳನ್ನು ಕರೆದುಕೊಂಡು ಅಲಂಪುರಕ್ಕೆ ಪ್ರವಾಸ ಹೋದೆವು. ಅಲಂಪುರ ತುಂಗಭದ್ರಾ ನದಿಯ ದಂಡೆಯಲ್ಲಿದೆ. ಬಾದಾಮಿಯ ಚಾಲುಕ್ಯರ ಕಾಲದಲ್ಲಿ, ಏಳು ಎಂಟನೆಯ ಶತಮಾನಗಳಲ್ಲಿ ಕಟ್ಟಿದ ಒಂಬತ್ತು ಗುಡಿಗಳು ಅಲ್ಲಿವೆ. ಅವುಗಳಿಗೆ ನವಬ್ರಹ್ಮ ದೇವಾಲಯಗಳು ಎಂದು ಹೆಸರು. ಹೆಸರು ಬ್ರಹ್ಮನದು, ಒಳಗಿರುವುದು ಶಿವಲಿಂಗ! ಮಕ್ಕಳಿಗೆ ಇದೇ ದೊಡ್ಡ ಆಶ್ಚರ್ಯ. ಅಲ್ಲಿ ಕನ್ನಡದ ಶಾಸನಗಳೂ ಇವೆ. ಅಲಂಪುರ ಮತ್ತು ಗದ್ವಾಲ ತಾಲ್ಲೂಕುಗಳು 1956ರವರೆಗೆ ಹೈದರಾಬಾದ್ ರಾಜ್ಯದ ರಾಯಚೂರು ಜಿಲ್ಲೆಯಲ್ಲಿಯೇ ಇದ್ದವು. ಆ ವರ್ಷ ನವೆಂಬರ್ 1ರಂದು ಆಂಧ್ರಪ್ರದೇಶಕ್ಕೆ ಸೇರಿದವು. 2014ರಿಂದ ತೆಲಂಗಾಣದಲ್ಲಿವೆ.

ಮಕ್ಕಳು ಅಲ್ಲಿ ಇನ್ನೊಂದು ಗುಡಿಯನ್ನು ನೋಡಿದರು. ಅದು ಸಂಗಮೇಶ್ವರನ ಗುಡಿ. ಈ ಗುಡಿ ಮೊದಲು ಇಲ್ಲಿರಲಿಲ್ಲ. ತುಂಗಭದ್ರೆಯು ಕೃಷ್ಣೆಯನ್ನು ಸೇರುವ ಕೂಡವೆಲ್ಲಿಯಲ್ಲಿತ್ತು. ಶ್ರೀಶೈಲದ ಅಣೆಕಟ್ಟಿನ ಹಿನ್ನೀರಿನಲ್ಲಿ ಆ ಊರು ಮುಳುಗುವುದೆಂದು ತಿಳಿದಾಗ ಗುಡಿಯನ್ನು ಒಂದೊಂದೇ ಕಲ್ಲಾಗಿ ಬಿಚ್ಚಿದರು. ಪ್ರತಿಯೊಂದು ಕಲ್ಲಿಗೂ ಒಂದು ಸಂಖ್ಯೆ ಹಾಕಿದರು. ಎಲ್ಲವನ್ನೂ ಅಲಂಪುರಕ್ಕೆ ಸಾಗಿಸಿ, ಸಂಖ್ಯೆಯನ್ನು ನೋಡಿಕೊಂಡು ಮತ್ತೆ ಮೊದಲಿದ್ದ ಹಾಗೆಯೇ ಜೋಡಿಸಿದರು. ಈ ಕಲ್ಲುಗಳ ಮಾತನ್ನು ನೆನಪಿನಲ್ಲಿಡಿರಿ. ಮುಂದೆ ಬೇಕಾಗುವುದು.

ಪ್ರವಾಸದಿಂದ ಬಂದ ಮೇಲೆ ಮಕ್ಕಳು ತಾವು ಕಂಡದ್ದನ್ನೆಲ್ಲ ಹನ್ನೆರಡು ಪುಟ ಬರೆದರು. ಕೆಲವು ಚಿತ್ರಗಳನ್ನೂ ತೆಗೆದಿದ್ದರು. ಕೇರಳದ ಕಾಸರಗೋಡಿನ ಒಂದು ಕನ್ನಡ ಶಾಲೆಯಲ್ಲಿ ನನಗೆ ಪರಿಚಯದ ಶಿಕ್ಷಕರೊಬ್ಬರಿದ್ದರು. ಅವರ ಮಕ್ಕಳು ತಮ್ಮ ಊರಿನ ಬೇಕಲ ಕೋಟೆಯ ಬಗ್ಗೆ ಬರೆದು ನಮಗೆ ಕಳುಹಿಸಿದ್ದರು. ಅದಕ್ಕೆ ಉತ್ತರವಾಗಿ ನಾವು ಅಲಂಪುರದ ಬರಹವನ್ನು ಕಳುಹಿಸಬೇಕಾಗಿತ್ತು. ಶನಿವಾರ ಅವರ ಶಾಲೆಯಲ್ಲಿ ಮಕ್ಕಳ ಸಭೆ. ಅಷ್ಟರೊಳಗೆ ತಲುಪಬೇಕು. ಅಂಚೆಗೆ ಹಾಕಿದರೆ ತಡವಾಗುವುದು. ಗಣಕಯಂತ್ರದ ಮೂಲಕವೇ ಕಳುಹಿಸಬೇಕು.

ಶಾಲೆಯಲ್ಲಿ ಒಂದು ಗಣಕಯಂತ್ರವೇನೋ ಇತ್ತು. ಯಾವುದೋ ಕಚೇರಿಯವರು ಹೊಸದು ತಂದಾಗ ಹಳೆಯದನ್ನು ನಮಗೆ ಕೊಟ್ಟಿದ್ದರು. ನಿಧಾನವಾಗಿತ್ತು ಎಂದು ಅದಕ್ಕೆ ಲಿನಕ್ಸ್ ಎಂಬ ತಂತ್ರಾಂಶವನ್ನು ಹಾಕಿದ್ದೆವು. ಆದರೆ ಅದಕ್ಕೆ ಇಂಟರ್ನೆಟ್ ಬರುತ್ತಿರಲಿಲ್ಲ. ನೋಡಲು ಬಂದವರೊಬ್ಬರು “ಇದರ ನೆಟ್‌ವರ್ಕ್ ಕಾರ್ಡು ಕೆಟ್ಟಿದೆ, ಗುಜರಿಗೆ ಹಾಕಿಬಿಡಿ” ಎಂದು ಹೇಳಿ ಹೋದರು. ಮಕ್ಕಳ ಮುಖ ಬಾಡಿತು. ನಮ್ಮ ವಯಸ್ಸಿನ ಮಾಸ್ತರರಿಗೆ ಗಣಕಯಂತ್ರವೆಂದರೆ ಒಳಗೊಳಗೇ ಭಯ. ನಾನೂ ಮೊದಲು ಹೌದೆಂದು ತಲೆಯಾಡಿಸಿದೆ. ಆದರೆ ಹಿಂದಿನ ಬೆಂಚಿನ ಒಬ್ಬ ಹುಡುಗಿ ಕೇಳಿದಳು: “ಸಾರ್, ಕೆಟ್ಟಿದೆ ಎಂದು ಅವರಿಗೆ ಹೇಗೆ ಗೊತ್ತಾಯಿತು? ಅವರು ಪೆಟ್ಟಿಗೆ ಬಿಚ್ಚಲೇ ಇಲ್ಲವಲ್ಲ!”

ಸರಿಯಾದ ಪ್ರಶ್ನೆ. ನಾನು ಕಾಸರಗೋಡಿನ ಶಿಕ್ಷಕರಿಗೆ ಫೋನು ಮಾಡಿದೆ. ಅವರ ಶಾಲೆಯ ಕಂಪ್ಯೂಟರುಗಳೆಲ್ಲ ಲಿನಕ್ಸ್‌ನಲ್ಲಿಯೇ ನಡೆಯುತ್ತಿದ್ದವು. ಕೇರಳ ಸರ್ಕಾರ 2001ರಲ್ಲಿ ಐ.ಟಿ. ಅಟ್ ಸ್ಕೂಲ್ ಎಂಬ ಯೋಜನೆಯನ್ನು ಆರಂಭಿಸಿತು. ಕೆಲವೇ ವರ್ಷಗಳಲ್ಲಿ ಅಲ್ಲಿಯ ಶಾಲೆಗಳು ಹಣ ಕೊಟ್ಟು ಕೊಳ್ಳುವ ತಂತ್ರಾಂಶವನ್ನು ಬಿಟ್ಟು ಲಿನಕ್ಸ್‌ಗೆ ಬದಲಾದವು. 2017ರಲ್ಲಿ ಈ ಯೋಜನೆ ಕೈಟ್ ಎಂಬ ಸಂಸ್ಥೆಯಾಯಿತು. ಶಾಲೆಗಳಿಗೆಂದೇ ಸಿದ್ಧಪಡಿಸಿದ ಲಿನಕ್ಸ್‌ನ ಹೊಸ ಆವೃತ್ತಿಯನ್ನು ಕೈಟ್ 2019ರಲ್ಲಿ ಹೊರತಂದಿತು. ಅಲ್ಲಿಯ ಕನ್ನಡ ಮಾಧ್ಯಮದ ಮಕ್ಕಳಿಗೆ ಕಂಪ್ಯೂಟರಿನ ಪಾಠಪುಸ್ತಕವೂ ಕನ್ನಡದಲ್ಲಿಯೇ ಇದೆ.

ಆ ಶಿಕ್ಷಕರು ಫೋನಿನಲ್ಲಿ ಹೇಳಿದ ಮೊದಲ ಮಾತು ನನಗೆ ಇನ್ನೂ ನೆನಪಿದೆ. “ಕೆಟ್ಟಿದೆ ಎಂದು ನೀವು ಹೇಳಬೇಡಿ. ಕಂಪ್ಯೂಟರನ್ನೇ ಕೇಳಿ, ಅದು ಹೇಳುತ್ತದೆ.”

ಕೇಳುವ ಮೊದಲು ಲಿನಕ್ಸ್ ಎಂದರೇನು ಎಂದು ತಿಳಿಯೋಣ. ಕಂಪ್ಯೂಟರಿನಲ್ಲಿ ಪರದೆ, ಕೀಲಿಮಣೆ, ಮೌಸ್, ನೆನಪಿನ ಕೋಶ ಹೀಗೆ ಅನೇಕ ಭಾಗಗಳಿವೆ. ಇವೆಲ್ಲವನ್ನೂ ಒಟ್ಟಿಗೆ ನಡೆಸುವ ತಂತ್ರಾಂಶಕ್ಕೆ ಕಾರ್ಯಾಚರಣಾ ವ್ಯವಸ್ಥೆ ಎಂದು ಹೆಸರು. ಶಾಲೆಯಲ್ಲಿ ಮುಖ್ಯೋಪಾಧ್ಯಾಯರು ಇರುವ ಹಾಗೆ. ಅಂತಹ ವ್ಯವಸ್ಥೆಯ ತಿರುಳನ್ನು ಫಿನ್‌ಲೆಂಡ್ ದೇಶದ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಬರೆದನು. ಆಗ ಅವನಿಗೆ 21 ವರ್ಷ. ಮೊದಲ ಆವೃತ್ತಿಯಲ್ಲಿ ಇದ್ದದ್ದು ಸುಮಾರು ಹತ್ತು ಸಾವಿರ ಸಾಲುಗಳು. ಅದನ್ನು ಅವನು ಬಚ್ಚಿಡಲಿಲ್ಲ. ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಇತರರಿಗೆ ಕೊಡಬಹುದು ಎಂದನು. ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ 1983ರಿಂದಲೇ ಇಂತಹ ಮುಕ್ತ ತಂತ್ರಾಂಶಗಳಿಗಾಗಿ ಗ್ನೂ ಎಂಬ ಯೋಜನೆಯನ್ನು ನಡೆಸುತ್ತಿದ್ದನು. ಎರಡೂ ಕೂಡಿದವು. ಪ್ರಪಂಚದ ಸಾವಿರಾರು ಜನ ತಮಗೆ ತಿಳಿದಷ್ಟನ್ನು ಸೇರಿಸಿದರು. ಇಂದು ಲಿನಕ್ಸ್‌ನ ತಿರುಳಿನಲ್ಲಿ ಮೂರು ಕೋಟಿಗಿಂತಲೂ ಹೆಚ್ಚು ಸಾಲುಗಳಿವೆ!

ಈ ಮೂರು ಕೋಟಿಯಲ್ಲಿ ಅರ್ಧಕ್ಕಿಂತ ಹೆಚ್ಚು ಸಾಲುಗಳು ಯಾವ ಕೆಲಸಕ್ಕೆ ಗೊತ್ತೇ? ದುಭಾಷಿಯ ಕೆಲಸಕ್ಕೆ. ಕಂಪ್ಯೂಟರಿಗೆ ಜೋಡಿಸುವ ಸಲಕರಣೆಗಳನ್ನು ಬೇರೆ ಬೇರೆ ಕಂಪನಿಗಳು ತಯಾರಿಸುತ್ತವೆ. ಪ್ರತಿಯೊಂದಕ್ಕೂ ತನ್ನದೇ ಆದ ಭಾಷೆ. ಒಂದಕ್ಕೆ “ಕಳುಹಿಸು” ಎನ್ನುವ ರೀತಿ ಬೇರೆ, ಇನ್ನೊಂದಕ್ಕೆ ಬೇರೆ. ಇಷ್ಟೊಂದು ಭಾಷೆಗಳನ್ನು ಮುಖ್ಯೋಪಾಧ್ಯಾಯರೊಬ್ಬರೇ ಕಲಿಯಲಾದೀತೇ? ಆದ್ದರಿಂದ ಒಂದೊಂದು ಬಗೆಯ ಸಲಕರಣೆಗೆ ಒಂದೊಂದು ಚಿಕ್ಕ ತಂತ್ರಾಂಶವನ್ನು ಬರೆದಿಡುತ್ತಾರೆ. ಅದನ್ನು ಡ್ರೈವರ್ ಅಥವಾ ಚಾಲಕ ಎನ್ನುವರು. “ಬಸ್ಸಿನ ಡ್ರೈವರ್ ಹಾಗೆಯೇ ಸಾರ್?” ಎಂದು ಒಬ್ಬ ಹುಡುಗ ಕೇಳಿದ. ಹೆಸರು ಅದೇ. ಆದರೆ ಕೆಲಸವನ್ನು ನೋಡಿದರೆ ದುಭಾಷಿ ಎಂದರೇ ಸರಿ ಎಂದು ನನಗೆ ಅನ್ನಿಸುತ್ತದೆ.

ಈಗ ನಮ್ಮ ಕಾರ್ಡಿನ ಕಡೆಗೆ ಬರೋಣ. ಕಂಪ್ಯೂಟರನ್ನು ಮುಖ್ಯೋಪಾಧ್ಯಾಯರ ಕೋಣೆಗೆ ಹೊತ್ತುಕೊಂಡು ಹೋದೆವು. ಇಂಟರ್ನೆಟ್ಟಿನ ಪೆಟ್ಟಿಗೆ ಇದ್ದದ್ದು ಅಲ್ಲಿಯೇ. ಆ ಪೆಟ್ಟಿಗೆಯಿಂದ ಕಂಪ್ಯೂಟರಿನ ಬೆನ್ನಿಗೆ ಒಂದು ನೀಲಿ ತಂತಿ ಹಾಕಬೇಕು. ಕಾರ್ಡಿನ ಕಿಂಡಿಯ ಪಕ್ಕದಲ್ಲಿ ಒಂದು ಪುಟ್ಟ ದೀಪವಿರುತ್ತದೆ. ತಂತಿ ಸರಿಯಾಗಿ ಕೂಡಿದ್ದರೆ ಅದು ಉರಿಯಬೇಕು. ಉರಿಯಲಿಲ್ಲ.

ನಾನು ಕೂಡಲೇ ಲಿನಕ್ಸ್‌ನ ಮೇಲೆ ಅನುಮಾನಪಟ್ಟೆ. ಆದರೆ ಕಾಸರಗೋಡಿನವರು “ದೀಪ ಉರಿಯದಿದ್ದರೆ ಮೊದಲು ತಂತಿ ನೋಡಿ” ಎಂದಿದ್ದರು. ನೋಡಿದೆವು. ತಂತಿಯ ತುದಿಯಲ್ಲಿ ಪಾರದರ್ಶಕವಾದ ಒಂದು ಮುಳ್ಳು ಇರುತ್ತದೆ. ಕಿಂಡಿಗೆ ತಳ್ಳಿದಾಗ ಅದು ‘ಟಕ್’ ಎಂದು ಕಚ್ಚಿಕೊಳ್ಳಬೇಕು. ನಮ್ಮ ತಂತಿಯ ಮುಳ್ಳು ಮುರಿದಿತ್ತು. ಅದಕ್ಕೇ ಅದು ಹಿಂದಕ್ಕೆ ಜಾರಿ ಬರುತ್ತಿತ್ತು. ಅಂಗಡಿಯಿಂದ ಹೊಸ ತಂತಿ ತಂದೆವು. ಟಕ್! ಹಸಿರು ದೀಪ ಹತ್ತಿತು. ಮಕ್ಕಳು ಚಪ್ಪಾಳೆ ತಟ್ಟಿದರು. ಗುಜರಿಗೆ ಹೋಗಬೇಕಾಗಿದ್ದ ಕಂಪ್ಯೂಟರಿನ ದೋಷ ಅಂಗಡಿಯ ಒಂದು ತಂತಿಯಷ್ಟೇ ಆಗಿತ್ತು.

ಮುರಿದ ತಂತಿಯನ್ನು ಎಸೆಯಲು ನಾನು ಬಿಡಲಿಲ್ಲ. ಅದನ್ನು ಸುಲಿದು ಮಕ್ಕಳಿಗೆ ತೋರಿಸಿದೆ. ಒಳಗೆ ಎಂಟು ಸಣ್ಣ ತಂತಿಗಳಿವೆ. ಕಿತ್ತಳೆ, ಹಸಿರು, ನೀಲಿ, ಕಂದು. ಪ್ರತಿಯೊಂದು ಬಣ್ಣಕ್ಕೂ ಬಿಳಿಯ ಪಟ್ಟೆಯ ಒಂದು ಜೊತೆ. ಜೊತೆಯ ಎರಡನ್ನೂ ಜಡೆಯ ಹಾಗೆ ಹೊಸೆದಿರುತ್ತಾರೆ. ಅಂದಕ್ಕಾಗಿ ಅಲ್ಲ. ಹತ್ತಿರದ ವಿದ್ಯುತ್ ತಂತಿ, ಮೋಟಾರುಗಳಿಂದ ಬರುವ ಗದ್ದಲ ಹೊಸೆದ ಎರಡು ತಂತಿಗಳ ಮೇಲೂ ಒಂದೇ ಸಮನಾಗಿ ಬೀಳುತ್ತದೆ. ಆಗ ಅದನ್ನು ಕಳೆದುಬಿಡುವುದು ಸುಲಭ. ಇಂತಹ ತಂತಿಯನ್ನು ನೂರು ಮೀಟರಿನವರೆಗೆ ಎಳೆಯಬಹುದು. ಅದಕ್ಕಿಂತ ಉದ್ದವಾದರೆ ಸಂದೇಶ ಸೋತುಹೋಗುತ್ತದೆ. ಈ ರೀತಿಯ ಜೋಡಣೆಗೆ ಈಥರ್‌ನೆಟ್ ಎಂದು ಹೆಸರು. ಇದನ್ನು 1973ರಲ್ಲಿ ಅಮೆರಿಕದ ಜೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರದಲ್ಲಿ ರಾಬರ್ಟ್ ಮೆಟ್‌ಕಾಫ್ ಮತ್ತು ಡೇವಿಡ್ ಬಾಗ್ಸ್ ಎಂಬುವರು ರೂಪಿಸಿದರು.

ದೀಪ ಹತ್ತಿದ ಮೇಲೆ ಕಂಪ್ಯೂಟರನ್ನೇ ಕೇಳುವ ಕೆಲಸ. ಲಿನಕ್ಸ್‌ನಲ್ಲಿ ಟರ್ಮಿನಲ್ ಎಂಬ ಕಿಟಕಿ ಇದೆ. ಅದರಲ್ಲಿ ನಾವು ಮಾತು ಬರೆದರೆ ಕಂಪ್ಯೂಟರು ಉತ್ತರ ಬರೆಯುತ್ತದೆ. ‘ಎಲ್‌ಎಸ್‌ಪಿಸಿಐ’ ಎಂದು ಇಂಗ್ಲಿಷಿನ ಚಿಕ್ಕ ಅಕ್ಷರಗಳಲ್ಲಿ ಬರೆದು ಎಂಟರ್ ಒತ್ತಿದೆವು. ನಿನ್ನ ಹೊಟ್ಟೆಯೊಳಗೆ ಏನೇನಿದೆ ಎಂದು ಕೇಳುವ ಮಾತು ಅದು. ತರಗತಿಯಲ್ಲಿ ಹಾಜರಿ ಕೂಗಿದ ಹಾಗೆ ಸಾಲುಸಾಲಾಗಿ ಉತ್ತರ ಬಂತು. ಒಂದು ಸಾಲಿನಲ್ಲಿ ಈಥರ್‌ನೆಟ್ ಎಂದಿತ್ತು. ಪಕ್ಕದಲ್ಲಿ ರಿಯಲ್‌ಟೆಕ್ 8139 ಎಂಬ ಸಂಖ್ಯೆ. ಅಂದರೆ ಕಾರ್ಡು ಹಾಜರಿದೆ! ಈ ಸಂಖ್ಯೆಯನ್ನು ನೋಡಿಯೇ ಲಿನಕ್ಸ್ ತನ್ನ ಬಳಿ ಇರುವ ದುಭಾಷಿಗಳಲ್ಲಿ ತಕ್ಕವನನ್ನು ಕರೆಯುತ್ತದೆ. ನಮ್ಮ ಕಾರ್ಡಿಗೆ ಆಗಲೇ ಕರೆದಿತ್ತು.

ಆ ದುಭಾಷಿಯನ್ನು ಬರೆದವರು ಯಾರು? 1994ರಲ್ಲಿ ಅಮೆರಿಕದ ಬಾಹ್ಯಾಕಾಶ ಸಂಸ್ಥೆ ನಾಸಾದಲ್ಲಿ ಡೊನಾಲ್ಡ್ ಬೆಕರ್ ಮತ್ತು ಥಾಮಸ್ ಸ್ಟರ್ಲಿಂಗ್ ಎಂಬ ಇಬ್ಬರಿದ್ದರು. ಅವರಿಗೆ ಒಂದು ಬಹಳ ಶಕ್ತಿಯ ಕಂಪ್ಯೂಟರು ಬೇಕಾಗಿತ್ತು. ಅಂತಹುದನ್ನು ಕೊಳ್ಳಲು ಅಪಾರ ಹಣ ಬೇಕು. ಅವರು ಹದಿನಾರು ಸಾಮಾನ್ಯ ಕಂಪ್ಯೂಟರುಗಳನ್ನು ತಂದು, ತಂತಿಗಳಿಂದ ಜೋಡಿಸಿ, ಒಂದರಂತೆ ದುಡಿಯುವ ಹಾಗೆ ಮಾಡಿದರು. ಅದಕ್ಕಾಗಿ ನೆಟ್‌ವರ್ಕ್ ಕಾರ್ಡುಗಳು ಲಿನಕ್ಸ್‌ನೊಡನೆ ಚೆನ್ನಾಗಿ ಮಾತನಾಡಬೇಕಾಗಿತ್ತು. ಬೆಕರ್ ಒಂದರ ಮೇಲೊಂದು ಚಾಲಕಗಳನ್ನು ಬರೆದರು. ಬರೆದು ಎಲ್ಲರಿಗೂ ಕೊಟ್ಟುಬಿಟ್ಟರು. ನಮ್ಮ 8139 ಕಾರ್ಡಿನ ಚಾಲಕವನ್ನು ಮುಂದೆ ಬೇರೆಯವರು ತಿದ್ದಿ ಬೆಳೆಸಿದ್ದಾರೆ. ಆದರೆ ಅದರ ಬಹಳಷ್ಟು ಭಾಗ ಬೆಕರ್ ಬರೆದ ಹಳೆಯ ಚಾಲಕದಿಂದ ಬಂದದ್ದು ಎಂದು ಅದರ ಆರಂಭದಲ್ಲಿಯೇ ಬರೆದಿಟ್ಟಿದ್ದಾರೆ. ಆಕಾಶದ ಲೆಕ್ಕ ಮಾಡಲು ಬರೆದದ್ದು ನಮ್ಮ ಮಕ್ಕಳ ಅಲಂಪುರದ ಪ್ರವಾಸಕಥನಕ್ಕೆ ಒದಗಿತು.

ಪ್ರತಿಯೊಂದು ನೆಟ್‌ವರ್ಕ್ ಕಾರ್ಡಿಗೂ ಹುಟ್ಟುವಾಗಲೇ ಒಂದು ಗುರುತು ಕೊಟ್ಟಿರುತ್ತಾರೆ. ಅದು ಆರು ಜೋಡಿ ಅಂಕಿ ಅಕ್ಷರಗಳ ಸಾಲು. ಮೊದಲ ಮೂರು ಜೋಡಿಗಳು ತಯಾರಿಸಿದವರು ಯಾರೆಂದು ತಿಳಿಸುತ್ತವೆ. ಉಳಿದ ಮೂರು ಆ ಕಾರ್ಡಿನದೇ ಸಂಖ್ಯೆ. ನಮ್ಮ ಮನೆತನದ ಹೆಸರು, ನಮ್ಮ ಹೆಸರು ಇದ್ದ ಹಾಗೆ. ಆದರೆ ಹೆಸರಿದ್ದರೆ ಸಾಲದು, ಮನೆ ಸಂಖ್ಯೆಯೂ ಬೇಕಲ್ಲವೇ? ಅದನ್ನು ಐಪಿ ವಿಳಾಸ ಎನ್ನುತ್ತಾರೆ. ತಂತಿ ಕೂಡಿದೊಡನೆ ಕಂಪ್ಯೂಟರು “ನನಗೊಂದು ವಿಳಾಸ ಕೊಡಿ” ಎಂದು ಕೂಗುತ್ತದೆ. ಇಂಟರ್ನೆಟ್ಟಿನ ಪೆಟ್ಟಿಗೆ “192.168.1.5 ತೆಗೆದುಕೋ” ಎಂದು ಕೊಡುತ್ತದೆ. ನಮಗೂ ಅಂತಹುದೇ ಒಂದು ವಿಳಾಸ ಸಿಕ್ಕಿತು.

ವಿಳಾಸ ಸಿಕ್ಕಿದೆ, ಆದರೆ ಆಚೆಯವರಿಗೆ ನಮ್ಮ ಮಾತು ಕೇಳಿಸುತ್ತಿದೆಯೇ? ನದಿಯ ಈ ದಡದಲ್ಲಿ ನಿಂತು ಅಂಬಿಗನನ್ನು ಕೂಗುವವರನ್ನು ನೆನೆಯಿರಿ. “ಓ...” ಎಂದು ಕೂಗುತ್ತಾರೆ. ಆಚೆಯಿಂದ “ಓ...” ಎಂದು ಮರುದನಿ ಬಂದರೆ ಅವನು ಇದ್ದಾನೆ ಎಂದು ಅರ್ಥ. ಕಂಪ್ಯೂಟರುಗಳಿಗೂ ಇಂತಹ ಕೂಗು ಒಂದಿದೆ. ಅದರ ಹೆಸರು ‘ಪಿಂಗ್’. ಇದನ್ನು 1983ರಲ್ಲಿ ಮೈಕ್ ಮೂಸ್ ಎಂಬ ಅಮೆರಿಕದವನು ಬರೆದನು. ಜಲಾಂತರ್ಗಾಮಿಗಳು ನೀರಿನೊಳಗೆ ಶಬ್ದ ಹೊರಡಿಸಿ ಅದರ ಮರುದನಿಯನ್ನು ಆಲಿಸುತ್ತವೆ. ಆ ಶಬ್ದದಿಂದಲೇ ಈ ಹೆಸರು. ನಾವು ಮೊದಲು ಕೋಣೆಯ ಪೆಟ್ಟಿಗೆಯನ್ನು ಕೂಗಿದೆವು. ಉತ್ತರ ಬಂತು. ಹೊರಗಿನ ಪ್ರಪಂಚವನ್ನು ಕೂಗಿದೆವು. ಅಲ್ಲಿಂದಲೂ ಉತ್ತರ ಬಂತು. ಹತ್ತಿರದಿಂದ ಆರಂಭಿಸಿ ದೂರಕ್ಕೆ ಹೋಗುವುದು ಏಕೆಂದರೆ, ಕೂಗು ಎಲ್ಲಿ ನಿಂತಿತು ಎಂದು ಆಗ ತಿಳಿಯುತ್ತದೆ.

ಆದರೆ ಕೆಲಸ ಅಲ್ಲಿಗೇ ಮುಗಿಯಲಿಲ್ಲ. ಮುಖ್ಯೋಪಾಧ್ಯಾಯರ ಕೋಣೆ ಚಿಕ್ಕದು. ದಾಖಲೆಗಳ ಕಪಾಟುಗಳ ನಡುವೆ ಮೂವತ್ತು ಮಕ್ಕಳು ನಿಲ್ಲಲಾಗುವುದಿಲ್ಲ. ಬರಹವನ್ನು ಟೈಪು ಮಾಡಬೇಕಾದವರು ಮಕ್ಕಳು. ಕಂಪ್ಯೂಟರು ಅವರ ತರಗತಿಯಲ್ಲಿಯೇ ಇರಬೇಕು. ಅಂಗಳದಾಚೆಗೆ ತಂತಿ ಎಳೆಯಲು ನಮ್ಮಲ್ಲಿ ಅಷ್ಟು ತಂತಿಯೂ ಇಲ್ಲ, ಹಣವೂ ಇಲ್ಲ. ಹೆಬ್ಬೆರಳಿನ ಉಗುರಿನಷ್ಟು ದೊಡ್ಡದಾದ ಒಂದು ನಿಸ್ತಂತು ಸಲಕರಣೆ ಇತ್ತು. ಅದನ್ನು ಯುಎಸ್‌ಬಿ ಕಿಂಡಿಗೆ ಚುಚ್ಚಿದರೆ ತಂತಿಯಿಲ್ಲದೆ, ರೇಡಿಯೊ ಅಲೆಗಳ ಮೂಲಕ ಪೆಟ್ಟಿಗೆಯೊಡನೆ ಮಾತನಾಡಬೇಕು. ಚುಚ್ಚಿದೆವು. ಏನೂ ಆಗಲಿಲ್ಲ.

ಈ ಸಲ ಯಾರೂ ಕೆಟ್ಟಿದೆ ಎನ್ನಲಿಲ್ಲ. “ಕೇಳೋಣ ಸಾರ್” ಎಂದರು. ಯುಎಸ್‌ಬಿ ಕಿಂಡಿಗಳ ಹಾಜರಿ ಕೂಗುವ ಮಾತು ‘ಎಲ್‌ಎಸ್‌ಯುಎಸ್‌ಬಿ’. ಕೂಗಿದೆವು. ಸಲಕರಣೆ ಹಾಜರಿತ್ತು. ತಕ್ಕ ಚಾಲಕವೂ ಬಂದು ನಿಂತಿತ್ತು. ಮತ್ತೇನು ಕೊರತೆ? ಲಿನಕ್ಸ್ ದಿನವೂ ತನ್ನ ದಿನಚರಿಯನ್ನು ಬರೆದುಕೊಳ್ಳುತ್ತದೆ. ಯಾವ ಸಲಕರಣೆ ಎಷ್ಟು ಹೊತ್ತಿಗೆ ಬಂತು, ಏನು ಹೇಳಿತು, ಏನು ತಪ್ಪಾಯಿತು, ಎಲ್ಲವೂ ಅದರಲ್ಲಿರುತ್ತದೆ. ಅದನ್ನು ಓದುವ ಮಾತು ‘ಡಿಮೆಸೇಜ್’. ಓದಿದೆವು. ಕೊನೆಯ ಸಾಲುಗಳಲ್ಲಿ ಫರ್ಮ್‌ವೇರ್ ಎಂಬ ಪದವೂ, ಕಂಸದೊಳಗೆ ‘-2’ ಎಂಬ ಸಂಖ್ಯೆಯೂ ಇದ್ದವು. ಈ ‘-2’ಕ್ಕೆ ಲಿನಕ್ಸ್‌ನಲ್ಲಿ ಒಂದು ಗೊತ್ತಾದ ಅರ್ಥವಿದೆ: ಕೇಳಿದ ಕಡತ ಇಲ್ಲಿ ಇಲ್ಲ.

ಫರ್ಮ್‌ವೇರ್ ಎಂದರೇನು? ಕೆಲವು ಸಲಕರಣೆಗಳ ಒಳಗೆ ಅವುಗಳದೇ ಒಂದು ಪುಟ್ಟ ಮೆದುಳಿರುತ್ತದೆ. ವಿದ್ಯುತ್ ಹೋದೊಡನೆ ಆ ಮೆದುಳು ಎಲ್ಲವನ್ನೂ ಮರೆತುಬಿಡುತ್ತದೆ. ಮತ್ತೆ ಚುಚ್ಚಿದಾಗ ಅದಕ್ಕೆ ಮೊದಲಿನಿಂದ ಪಾಠ ಹೇಳಬೇಕು. ಆ ಪಾಠವೇ ಫರ್ಮ್‌ವೇರ್. ಪಾಠವನ್ನು ಕೊಂಡೊಯ್ದು ಕೊಡುವುದು ಚಾಲಕದ ಕೆಲಸ. ನಮ್ಮಲ್ಲಿ ದುಭಾಷಿ ಬಂದಿದ್ದನು, ಆದರೆ ಅವನ ಕೈಯಲ್ಲಿ ಪಾಠದ ಪುಸ್ತಕವಿರಲಿಲ್ಲ.

ಏಕೆ ಇರಲಿಲ್ಲ ಎಂಬುದು ಸ್ವಾರಸ್ಯದ ವಿಷಯ. ಮಸಾಲೆಯ ಪೊಟ್ಟಣವನ್ನು ಮಾರುವ ಅಂಗಡಿಯವನು ಪುಡಿಯನ್ನು ಕೊಡುತ್ತಾನೆ, ಅದನ್ನು ಮಾಡುವ ಬಗೆಯನ್ನು ಹೇಳುವುದಿಲ್ಲ. ಹಾಗೆಯೇ ಅನೇಕ ಕಂಪನಿಗಳು ಫರ್ಮ್‌ವೇರನ್ನು ಕೊಡುತ್ತವೆ, ಅದರ ಮೂಲ ಬರಹವನ್ನು ಕೊಡುವುದಿಲ್ಲ. ನಾವು ಹಾಕಿಕೊಂಡಿದ್ದದ್ದು ಡೆಬಿಯನ್ ಎಂಬ ಲಿನಕ್ಸ್. ಅದನ್ನು 1993ರಿಂದ ಸ್ವಯಂಸೇವಕರು ನಡೆಸಿಕೊಂಡು ಬಂದಿದ್ದಾರೆ. ತಾವು ಕೊಡುವುದೆಲ್ಲವನ್ನೂ ಜನರು ಓದುವಂತಿರಬೇಕು, ತಿದ್ದುವಂತಿರಬೇಕು ಎಂಬುದು ಅವರ ಮಾತು. ಆದ್ದರಿಂದ ಮುಚ್ಚಿದ ಪೊಟ್ಟಣಗಳನ್ನು ಅವರು ಬೇರೆ ಕಪಾಟಿನಲ್ಲಿ ಇಟ್ಟಿದ್ದರು. ಬೇಕಾದವರು ಹೋಗಿ ತೆಗೆದುಕೊಳ್ಳಬೇಕು. ಇದರಿಂದ ಹೊಸಬರಿಗೆ ಬಹಳ ತೊಂದರೆಯಾಗುತ್ತಿತ್ತು. ಇಂಟರ್ನೆಟ್ಟಿಗೆ ಹೋಗಲು ಫರ್ಮ್‌ವೇರ್ ಬೇಕು, ಫರ್ಮ್‌ವೇರ್ ತರಲು ಇಂಟರ್ನೆಟ್ ಬೇಕು! 2022ರಲ್ಲಿ ಡೆಬಿಯನ್‌ನವರು ತಮ್ಮೊಳಗೆ ಮತದಾನ ನಡೆಸಿ, ಇನ್ನು ಮುಂದೆ ಅವನ್ನೂ ಜೊತೆಗೇ ಕೊಡೋಣ ಎಂದು ತೀರ್ಮಾನಿಸಿದರು. 2023ರ ಜೂನ್‌ನಲ್ಲಿ ಬಂದ ಹನ್ನೆರಡನೆಯ ಆವೃತ್ತಿಯಿಂದ ಹಾಗೆಯೇ ಕೊಡುತ್ತಿದ್ದಾರೆ. ಅವರ ಮೊದಲಿನ ಹಟವೂ ನನಗೆ ಇಷ್ಟವೇ. ಆದರೆ 2019ರ ಆ ಗುರುವಾರ ಅದೇ ಹಟದಿಂದ ನಾವು ಕೈಕಟ್ಟಿ ಕುಳಿತಿದ್ದೆವು.

ಕೀಲಿ ಬೀಗದೊಳಗೇ ಇದೆ ಎನ್ನುವ ಹಾಗೆ ಆಯಿತಲ್ಲ, ಏನು ಮಾಡುವುದು? ಹಿಂದಿನ ಬೆಂಚಿನ ಅದೇ ಹುಡುಗಿ ಹೇಳಿದಳು: “ತಂತಿ ಇದೆಯಲ್ಲ ಸಾರ್!” ನಿಜ. ಕಂಪ್ಯೂಟರನ್ನು ಮತ್ತೆ ಮುಖ್ಯೋಪಾಧ್ಯಾಯರ ಕೋಣೆಗೆ ಹೊತ್ತೆವು. ತಂತಿಯ ಮೂಲಕ ಫರ್ಮ್‌ವೇರಿನ ಕಡತವನ್ನು ತರಿಸಿಕೊಂಡೆವು. ಸಲಕರಣೆಯನ್ನು ಕಿತ್ತು ಮತ್ತೆ ಚುಚ್ಚಿದೆವು. ಅದರ ಮೇಲಿನ ಪುಟ್ಟ ದೀಪ ಮಿಣಮಿಣ ಎಂದಿತು. ಪರದೆಯ ಮೂಲೆಯಲ್ಲಿ ನಮ್ಮ ಶಾಲೆಯ ಪೆಟ್ಟಿಗೆಯ ಹೆಸರು ಕಾಣಿಸಿತು. ಗುಪ್ತಪದವನ್ನು ಹಾಕಿದೆ. ಒಪ್ಪಲಿಲ್ಲ. ಮತ್ತೆ ಹಾಕಿದೆ. ಒಪ್ಪಲಿಲ್ಲ. ಇಂಗ್ಲಿಷಿನ ದೊಡ್ಡ ಅಕ್ಷರಗಳ ಕೀಲಿ ಒತ್ತಿಹೋಗಿತ್ತು! ಇದಕ್ಕೆ ಯಾವ ದುಭಾಷಿಯೂ ಹೊಣೆಯಲ್ಲ, ಮಾಸ್ತರರ ಕನ್ನಡಕವೇ ಹೊಣೆ.

ಕಂಪ್ಯೂಟರು ತರಗತಿಗೆ ಬಂತು. ಪರದೆಯ ಮೇಲಿನ ಪಟ್ಟಿಗಳು ಕನ್ನಡದಲ್ಲಿದ್ದವು. ಕಡತ, ತೆರೆ, ಉಳಿಸು ಎಂಬ ಪದಗಳನ್ನು ಮಕ್ಕಳು ತಾವೇ ಓದಿಕೊಂಡರು. ಇವನ್ನೂ ಸ್ವಯಂಸೇವಕರು ಸಂಬಳವಿಲ್ಲದೆ ಅನುವಾದ ಮಾಡಿದ್ದಾರೆ. ಎರಡು ದಿನ ಸರದಿಯ ಮೇಲೆ ಕುಳಿತು ಹನ್ನೆರಡು ಪುಟಗಳನ್ನು ಟೈಪು ಮಾಡಿದರು.

ನಾವು ಕನ್ನಡದಲ್ಲಿ ಬರೆದದ್ದು ತಂತಿಯೊಳಗೆ ಕನ್ನಡವಾಗಿಯೇ ಹೋಗುತ್ತದೆಯೇ? ಇಲ್ಲ. ಯುನಿಕೋಡ್ ಎಂಬ ಏರ್ಪಾಡಿನಲ್ಲಿ ಪ್ರಪಂಚದ ಬಹುತೇಕ ಲಿಪಿಗಳ ಅಕ್ಷರಗಳಿಗೂ ಒಂದೊಂದು ಸಂಖ್ಯೆ ಕೊಟ್ಟಿದ್ದಾರೆ. ‘ಅ’ ಎಂದರೆ 3205. ‘ಲ’ ಎಂದರೆ 3250. ಸೊನ್ನೆ 3202. ‘ಪ’ 3242, ಅದರ ಕೊಂಬು 3265, ‘ರ’ 3248. ಇಷ್ಟನ್ನೂ ಸಾಲಾಗಿ ಇಟ್ಟರೆ ‘ಅಲಂಪುರ’ ಆಯಿತು. ಕಾಸರಗೋಡಿನ ಕಂಪ್ಯೂಟರಿಗೆ ಈ ಆರು ಸಂಖ್ಯೆಗಳು ಮುಟ್ಟಿದರೆ ಅದು ಮತ್ತೆ ಅದೇ ಅಕ್ಷರಗಳನ್ನು ಬರೆಯುತ್ತದೆ.

ಹೀಗೆ ಸಂಖ್ಯೆಗಳಾದ ಬರಹ ಒಂದೇ ಮೂಟೆಯಾಗಿ ಹೋಗುವುದಿಲ್ಲ. ಅದನ್ನು ಚಿಕ್ಕ ಚಿಕ್ಕ ಪೊಟ್ಟಣಗಳಾಗಿ ಒಡೆಯುತ್ತಾರೆ. ಸಾಮಾನ್ಯವಾಗಿ ಈಥರ್‌ನೆಟ್ಟಿನ ಒಂದು ಪೊಟ್ಟಣದಲ್ಲಿ ಹಿಡಿಯುವುದು ಸಾವಿರದ ಐನೂರು ಬೈಟ್ ಮಾತ್ರ. ಒಂದು ಕನ್ನಡ ಅಕ್ಷರಕ್ಕೆ ಮೂರು ಬೈಟ್ ಬೇಕು. ಎಂದರೆ ಐನೂರು ಅಕ್ಷರಗಳೂ ಹಿಡಿಯುವುದಿಲ್ಲ. ನಮ್ಮ ಗುಡಿಯ ಒಂದು ಚಿತ್ರ ಎರಡು ಮೆಗಾಬೈಟ್ ಇತ್ತು. ಅದಕ್ಕೆ ಸಾವಿರದ ಮುನ್ನೂರಕ್ಕಿಂತ ಹೆಚ್ಚು ಪೊಟ್ಟಣಗಳು ಬೇಕು. ಇವು ಬೇರೆ ಬೇರೆ ದಾರಿಗಳಲ್ಲಿ ಹೋಗಬಹುದು. ಹಿಂದಿನದು ಮುಂದೆ ಬರಬಹುದು. ಒಂದೆರಡು ದಾರಿಯಲ್ಲಿ ಕಳೆದುಹೋಗಬಹುದು. ಮತ್ತೆ ಜೋಡಿಸುವುದು ಹೇಗೆ?

ನಾನು ಉತ್ತರ ಹೇಳಬೇಕಾಗಲಿಲ್ಲ. ನಾಲ್ಕೈದು ಮಕ್ಕಳು ಒಟ್ಟಿಗೆ ಕೂಗಿದರು: “ಸಂಗಮೇಶ್ವರನ ಕಲ್ಲು ಸಾರ್!”

ಹೌದು. ಕೂಡವೆಲ್ಲಿಯ ಗುಡಿಯನ್ನು ಸಾಗಿಸಿದ ಹಾಗೆಯೇ. ಪ್ರತಿಯೊಂದು ಪೊಟ್ಟಣದಲ್ಲಿಯೂ ಅದರ ಸರದಿ ತಿಳಿಸುವ ಸಂಖ್ಯೆಯಿರುತ್ತದೆ. ಮುಟ್ಟಿದ ಕಡೆಯಲ್ಲಿ ಸಂಖ್ಯೆಯನ್ನು ನೋಡಿ ಸಾಲಾಗಿ ಜೋಡಿಸುತ್ತಾರೆ. ಯಾವುದಾದರೂ ಸಂಖ್ಯೆ ಇಲ್ಲದಿದ್ದರೆ “ಅದು ಬರಲಿಲ್ಲ, ಮತ್ತೆ ಕಳುಹಿಸಿ” ಎಂದು ಕೇಳುತ್ತಾರೆ. ಗುಡಿಯ ಕಲ್ಲಿಗೆ ಮಾತ್ರ ಈ ಅನುಕೂಲವಿಲ್ಲ. ಒಂದು ಕಲ್ಲು ಕಳೆದರೆ ಇನ್ನೊಂದನ್ನು ಯಾರು ಕಳುಹಿಸಿಯಾರು?

ಶನಿವಾರ ಬೆಳಿಗ್ಗೆ ಒಂಬತ್ತು ಗಂಟೆಗೆ ಹಿಂದಿನ ಬೆಂಚಿನ ಹುಡುಗಿಯೇ ‘ಕಳುಹಿಸು’ ಎಂಬ ಗುಂಡಿಯನ್ನು ಒತ್ತಿದಳು. ಅರ್ಧ ಗಂಟೆಯಲ್ಲಿ ಕಾಸರಗೋಡಿನಿಂದ ಫೋನು ಬಂತು. ಸಭೆಯಲ್ಲಿ ಅಲಂಪುರದ ಬರಹವನ್ನು ಗಟ್ಟಿಯಾಗಿ ಓದುತ್ತಿದ್ದಾರೆ ಎಂದು ಹೇಳಿದರು. ಸಂಜೆ ಅಲ್ಲಿಯ ಮಕ್ಕಳು ಬರೆದ ಪತ್ರ ನಮ್ಮ ಪರದೆಯ ಮೇಲೆ ಬಂತು. ಅದರಲ್ಲಿ ಒಂದು ಪ್ರಶ್ನೆಯಿತ್ತು: ಸಂಗಮೇಶ್ವರನ ಗುಡಿಯ ಕಲ್ಲುಗಳ ಮೇಲೆ ಹಾಕಿದ್ದ ಸಂಖ್ಯೆಗಳು ಈಗಲೂ ಕಾಣಿಸುತ್ತವೆಯೇ?

ನಮ್ಮ ಮಕ್ಕಳು ಒಬ್ಬರ ಮುಖವನ್ನು ಒಬ್ಬರು ನೋಡಿದರು. ಯಾರೂ ಅದನ್ನು ಗಮನಿಸಿರಲಿಲ್ಲ. ಉತ್ತರ ಬರೆಯಬೇಕಾದರೆ ಮತ್ತೊಮ್ಮೆ ಅಲಂಪುರಕ್ಕೆ ಹೋಗಲೇಬೇಕು ಎಂದು ಅವರು ಹಟ ಹಿಡಿದರು.